ರೂಡ್ಲಿ ಮನೆಯ ಅಟ್ಟದ ಹಾಸಿಗೆ

ರೂಡ್ಲಿ, ಟೆಲೆಮಾರ್ಕ್
9 ಡಿಸೆಂಬರ್ 1953

ನನ್ನ ಅಮ್ಮನಿಗೆ,

ಶನಿವಾರದ ಬಸ್ಸಿಗೆ ನಾನೂ ಐನಾರನೂ ಬರುತ್ತಿದ್ದೇವೆ. ಗಾಬರಿಯಾಗಬೇಡ, ಇಬ್ಬರಿಗೂ ಜ್ವರವಿಲ್ಲ, ಹಲ್ವೊರ್ ಜೊತೆ ಜಗಳವೂ ಇಲ್ಲ. ಅಡುಗೆಮನೆ ಪಕ್ಕದ ಕೋಣೆಯಲ್ಲಿ ಒಂದು ಹಾಸಿಗೆ ಹಾಸಿಟ್ಟರೆ ಸಾಕು, ಮಗು ನನ್ನ ಮಗ್ಗುಲಲ್ಲೇ ಮಲಗುತ್ತಾನೆ. ಇಲ್ಲಿ ನನಗೆ ನಿದ್ದೆ ಬರುತ್ತಿಲ್ಲ, ಅಷ್ಟೇ ಎಂದು ಬರೆದು ಮುಗಿಸೋಣವೆಂದಿದ್ದೆ. ನಿನಗೆ ಸುಳ್ಳು ಬರೆಯಲು ಕೈ ಬರುವುದಿಲ್ಲ.

ಅಟ್ಟದ ಹಾಸಿಗೆ ನೆನಪಿದೆಯಾ? ನನ್ನ ಮದುವೆಗೆ ಬಂದಾಗ ನೀನು ನೋಡಿ ನಕ್ಕಿದ್ದೆ. ಈ ಕಾಡು ಕಡಿದು, ಕಲ್ಲು ಆಯ್ದು, ಮೊದಲ ಬಾರ್ಲಿ ಬಿತ್ತಿದ ಮೂಲಪುರುಷನಿಗೆ ಅಂತ ಇವರು ಸದಾ ಹಾಸಿಟ್ಟಿರುವ ಹಾಸಿಗೆ. ಹುಲ್ಲು, ಅದರ ಮೇಲೆ ಕುರಿತೊಗಲು, ಒಂದು ಕಂಬಳಿ. ಅಲ್ಲಿ ಯಾರೂ ಮಲಗುವಂತಿಲ್ಲ. ಕ್ರಿಸ್‌ಮಸ್ ಹಿಂದಿನ ದಿನ ಹುಲ್ಲು ಬದಲಿಸಿ, ತಲೆದೆಸೆಗೆ ಒಂದು ಬಟ್ಟಲು ಬಿಯರ್ ಇಡುತ್ತಾರೆ. ನಾನು ಕಾಲೇಜಿನಲ್ಲಿ ಇಂಥ ಆಚಾರಗಳ ಮೇಲೆ ಪ್ರಬಂಧ ಬರೆದು ಬಹುಮಾನ ತೆಗೆದುಕೊಂಡವಳು. ಆದರೆ ಪ್ರಬಂಧದಲ್ಲಿ ಇಲಿಗಳಿರಲಿಲ್ಲ! ಅಟ್ಟದಿಂದ ಇಳಿದ ಇಲಿ ತೊಟ್ಟಿಲ ಕಾಲಿನ ಹತ್ತಿರ ಓಡಿದ್ದನ್ನು ಕಂಡೆ, ನೋಡು. ಅತ್ತೆ ಚರ್ಚಿಗೆ ಹೋಗಿದ್ದರು. ಅಟ್ಟ ಹತ್ತಿ ಹುಲ್ಲನ್ನೆಲ್ಲ ಎಳೆದು ಅಂಗಳದಲ್ಲಿ ಸುಟ್ಟೆ. ಮಂಚದ ಹಲಗೆ ಬಿಚ್ಚಿ ಗೋಡೆಗೆ ಒರಗಿಸಿದೆ.

ಅತ್ತೆ ಬೈಯಲಿಲ್ಲ. ಬೂದಿ ನೋಡಿ, "ಕಿತ್ತು ಹಾಕಿದೆಯಲ್ಲ ತಾಯಿ, ಈಗ ಅವನು ಎಲ್ಲಿ ಮಲಗಬೇಕು?" ಅಂದರು.

"ನನ್ನ ಪಕ್ಕ ಮಲಗಲಿ ಬಿಡಮ್ಮಾ. ಇವಳಂತೂ ತೊಟ್ಟಿಲು ಕಾಯ್ತಾಳೆ, ಜಾಗ ಖಾಲಿನೇ ಇದೆ" ಅಂದ ಹಲ್ವೊರ್.

"ನಿನ್ನ ಗೊರಕೆಗೆ ಅವನೂ ಎದ್ದು ಓಡ್ತಾನೆ, ಸುಮ್ನಿರೋ" ಅಂತ ಅತ್ತೆ. ಮೂವರೂ ನಕ್ಕೆವು.

ಮರುದಿನ ಬೆಳಿಗ್ಗೆ ಐನಾರ್ ತೊಟ್ಟಿಲಿನ ಒಂದಂಚಿಗೆ ಒತ್ತಿಕೊಂಡು ಮಲಗಿದ್ದ. ಇನ್ನೂ ಹೊರಳಲು ಬಾರದ ಮಗು ಅಮ್ಮಾ ಅದು. ಎತ್ತಿ ನಡುವಿಗೆ ಮಲಗಿಸಿದೆ. ಆಮೇಲೆ ದಿನಾ ಹಾಗೆಯೇ, ಬಸ್ಸಿನಲ್ಲಿ ಪಕ್ಕದವರಿಗೆ ಜಾಗ ಬಿಟ್ಟುಕೊಟ್ಟವರಂತೆ. ಉಳಿದರ್ಧದ ಹಾಸು ತಗ್ಗಾಗಿರುತ್ತದೆ. ಈಗ ಅವನು ಅಳುವುದೂ ಇಲ್ಲ. ಹಸಿವಿಗೂ ಅಳುವುದಿಲ್ಲ. ಖಾಲಿ ಅರ್ಧದ ಕಡೆ ಮುಖ ಮಾಡಿ, ಯಾರೋ ಮೆಲ್ಲಗೆ ಕಥೆ ಹೇಳುತ್ತಿದ್ದಾರೇನೋ ಎಂಬಂತೆ ಕೇಳುತ್ತಾನೆ. ಕೆನ್ನೆ ಇಳಿದುಹೋಗಿದೆ. ನರ್ಸ್ ಬಂದವಳು ಚಳಿಗಾಲದ ಮಕ್ಕಳೇ ಹೀಗೆ ಅಂದುಬಿಟ್ಟಳು.

ಸೋತು, ನಾನೇ ಅಟ್ಟದಲ್ಲಿ ಮಂಚ ಜೋಡಿಸಿ ಹೊಸ ಹುಲ್ಲು ಹಾಸಿದೆ. ಅತ್ತೆ ಏಣಿಯ ಬುಡದಲ್ಲಿ ನಿಂತು, "ಚೆನ್ನಾಗಿದೆ. ಆದರೆ ಎಳೆಗೂಸಿನ ಬಿಸಿ ಕಂಡವನು ಹುಲ್ಲಿಗೆ ಯಾಕೆ ವಾಪಸ್ ಬರ್ತಾನೆ?" ಅಂದರು.

ನನಗೆ ಸಿಟ್ಟು ಬಂತು. ನಿಮ್ಮ ಮೂಲಪುರುಷ ತನ್ನ ಕುಡಿಗೇ ಕೆಡುಕು ಮಾಡುತ್ತಾನಾ ಅಂತ ಕೇಳಿದೆ.

"ಮೂಲಪುರುಷ ಅನ್ನೋದು ಪಾದ್ರಿಗೆ ಹೇಳೋ ಮಾತು, ಹುಚ್ಚಿ" ಅಂದು, ರಾಟೆಯ ಮುಂದೆ ಕೂತು ನಿಜವಾದ ಕಥೆ ಹೇಳಿದರು.

ಮಹಾಮಾರಿ ಬಂದುಹೋದ ಮೇಲೆ ಈ ಕಣಿವೆಯಲ್ಲಿ ಒಂದು ಒಲೆಯೂ ಹೊಗೆಯಾಡದ ಕಾಲವಂತೆ. ಹಲ್ವೊರನ ಪೂರ್ವಜನೊಬ್ಬ ಕೊಡಲಿ ಹಿಡಿದು ಕಾಡು ಕಡಿಯುತ್ತ ಬಂದರೆ, ನಡುವೆ ಯಾರೋ ಆಗಲೇ ಆಯ್ದು ಪೇರಿಸಿದ ಕಲ್ಲುಗುಡ್ಡೆ, ಒಂದು ಮನೆ. ಸುತ್ತ ಹಿಮದ ಮೇಲೆ ಹೆಜ್ಜೆ ಗುರುತೇ ಇಲ್ಲ. ಒಳಗೆ ಹಾಸಿದ ಹಾಸಿಗೆ. ಕೈಯಿಟ್ಟರೆ ಬೆಚ್ಚಗಿತ್ತಂತೆ. ಅವನು ಅದನ್ನು ಮುಟ್ಟದೆ ನೆಲದ ಮೇಲೆ ಮಲಗಿದ, ಬದುಕಿಕೊಂಡ.

"ಅವತ್ತಿಂದ ನಾವಿಲ್ಲಿ ಬಾಡಿಗೆಗೆ ಇದ್ದೀವಿ" ಅಂದರು ಅತ್ತೆ, ಉಣ್ಣೆ ನೂಲುತ್ತಾ, ತಲೆಯೆತ್ತದೆ.

ಅದಕ್ಕೇ ಮಗುವನ್ನೆತ್ತಿಕೊಂಡು ಬರುತ್ತಿದ್ದೇನೆ. ಹಲ್ವೊರನಿಗೆ ನಿನಗೆ ಹುಷಾರಿಲ್ಲ ಅಂತ ಹೇಳಿದ್ದೇನೆ, ಅವನು ಫೋನ್ ಮಾಡಿದರೆ ಸ್ವಲ್ಪ ಕೆಮ್ಮು. ಅತ್ತೆ ತಡೆಯಲಿಲ್ಲ. ಹೊರಡುವ ಮಾತನ್ನು ಮಾತ್ರ ತೊಟ್ಟಿಲ ಹತ್ತಿರ ಆಡಬೇಡ ಅಂದರು.

ನಿನ್ನ ಅಡುಗೆಮನೆಯ ಬೆಚ್ಚನೆ ಮೂಲೆಯಲ್ಲಿ ಬಿದ್ದು ನಿದ್ದೆ ಮಾಡಬೇಕು ಅಮ್ಮಾ.

ನಿನ್ನ
ಸುನ್ನಿವಾ

ತಾ.ಕ.: ನಿನಗೆ ಬರೆದದ್ದನ್ನೆಲ್ಲ ಐನಾರನಿಗೆ ಓದಿ ಹೇಳುವುದು ನನ್ನ ರೂಢಿ. ಇದನ್ನೂ ತೊಟ್ಟಿಲು ತೂಗುತ್ತ ಪೂರ್ತಿ ಗಟ್ಟಿಯಾಗಿ ಓದಿದ ಮೇಲೆಯೇ ಅತ್ತೆಯ ಮಾತು ನೆನಪಾದದ್ದು. ಈಗ ಐನಾರ್ ತೊಟ್ಟಿಲ ನಡುವೆ ಕೈಕಾಲು ಚಾಚಿ ಮಲಗಿದ್ದಾನೆ. ಹಾಲಿಗೆ ಅತ್ತ, ಹೊಟ್ಟೆ ತುಂಬ ಕುಡಿದ. ಸಂತೋಷದಲ್ಲಿ, ಪ್ರಯಾಣಕ್ಕೆಂದು ಬಾಗಿಲ ಬಳಿ ಇಟ್ಟ ಅವನ ಬುಟ್ಟಿ ತರಲು ಹೋದೆ. ಖಾಲಿ ಬುಟ್ಟಿ. ಎರಡೂ ಕೈ ಹಾಕಿದರೂ ಎತ್ತಲಾಗಲಿಲ್ಲ. ಮಗು ಅತ್ತನಲ್ಲ, ನನಗೆ ಅಷ್ಟು ಸಾಕು. ಅಮ್ಮಾ, ಒಂದಲ್ಲ, ಎರಡು ಹಾಸಿಗೆ ಹಾಸಿಡು. ಎರಡನೆಯದಕ್ಕೆ ಹೊಸ ಹುಲ್ಲಿರಲಿ. ಅದರ ಮೇಲೆ ಯಾರೂ ಕೂರದಂತೆ ನೋಡಿಕೋ.