ಹೊಕ್ಕಿಗೆ ಕಾದು ನಿಂತ ಮಗ್ಗ

ಕೊಳ್ಳೇಗಾಲ
ಗುರುವಾರ, ೧೦ ಸೆಪ್ಟೆಂಬರ್ ೧೯೫೯

ನನ್ನ ಮುದ್ದು ಅವ್ವನಿಗೆ,

ನಿನ್ನ ಮಾಲಕ್ಷ್ಮಿಯ ಸಾವಿರ ನಮಸ್ಕಾರ. ನೀನು ಅಕ್ಷರ ಕೂಡಿಸಿ ಓದುವವಳೆಂದು ದಪ್ಪ ದಪ್ಪವಾಗಿ ಬರೆದಿದ್ದೇನೆ. ನಾನು ಸುಖವಾಗಿದ್ದೇನೆ, ಎಷ್ಟು ಸುಖವೆಂದರೆ ಬರೆಯಲು ನಾಚಿಕೆ! ಮೊನ್ನೆ ನಿನ್ನ ಅಳಿಯ ಟೆಂಟ್ ಸಿನಿಮಾಕ್ಕೆ ಕರೆದುಕೊಂಡು ಹೋಗಿದ್ದರು. ನಮ್ಮ ಬೀದಿ ದಾಟುವವರೆಗೆ ಅವರು ಮುಂದೆ, ನಾನು ಹತ್ತು ಹೆಜ್ಜೆ ಹಿಂದೆ, ಆಮೇಲೆ ಜೊತೆಜೊತೆಗೆ. ಕಥೆ ಏನಿತ್ತೋ, ಒಂದೂ ನೆನಪಿಲ್ಲ.

ಇರಲಿ. ನೀನು ಕೇಳಿದ್ದು ಬೇರೆ. ಮಾಂಬಳ್ಳಿಯಿಂದ ನೀನು ಗೂಡಿನಿಂದ ಬಿಚ್ಚಿ ಕಳಿಸಿದ ರೇಷ್ಮೆ ನೂಲಿನ ಗಂಟನ್ನು ನಮ್ಮ ಗುಮಾಸ್ತ ನಾಗಯ್ಯ ತೆರೆಯದೆಯೇ ವಾಪಸು ಕಳಿಸಿದ. ಮಗಳ ಮನೆಗೆ ನಾನೇನು ತಪ್ಪು ಮಾಡಿದೆ ಎಂದು ಬರೆದಿದ್ದೀಯ. ತಪ್ಪು ನಿನ್ನದಲ್ಲ ಅವ್ವ. ಮಾವನವರು ಜೂನ್ ತಿಂಗಳಲ್ಲಿ ಬೆಂಗಳೂರಿನ ದಲ್ಲಾಳಿಗೆ ಇಂಗ್ಲಿಷಿನಲ್ಲಿ ಕಾಗದ ಬರೆಸಿ ಚೀನಾದ ನೂಲು ತರಿಸಿದರು.

ಆ ನೂಲನ್ನು ಬಯ್ಯಲು ನನಗೆ ಬಾಯಿ ಬರುವುದಿಲ್ಲ. ಬೆಲೆ ಕಡಿಮೆ. ಎಳೆ ಮೊದಲಿಂದ ಕೊನೆಯವರೆಗೆ ಒಂದೇ ಸಮ. ಉದ್ದಕ್ಕೆ ಹಾಸು ಹೂಡಿದರೆ ಕಡಿಯುವುದೇ ಇಲ್ಲ. ನಮ್ಮ ಹಿರಿಯ ನೇಕಾರ ದೊಡ್ಡಮಾದಪ್ಪನವರು ಎಂಟು ದಿನದ ಸೀರೆಯನ್ನು ಆರೇ ದಿನಕ್ಕೆ ಇಳಿಸಿದ್ದರು.

ಆದರೆ ಎರಡನೇ ಸರಕು ಹಡಗಿನಲ್ಲಿ ಬಂದು ಮದರಾಸಿನ ಬಂದರಿನಲ್ಲೇ ಕೂತಿದೆ. ಏನೋ ಪರ್ಮಿಟ್ಟಿನ ತಕರಾರು. ಐದು ವಾರವಾಯಿತು. ನಮ್ಮ ಹನ್ನೊಂದು ಮಗ್ಗಗಳಲ್ಲಿ ಹತ್ತು ಖಾಲಿ. ನೇಕಾರರು ಮಧುವನಹಳ್ಳಿಯ ಗದ್ದೆಗಳಿಗೆ ಕಳೆ ಕೀಳಲು ಹೋಗುತ್ತಿದ್ದಾರೆ. ಹನ್ನೊಂದನೆಯದರಲ್ಲಿ ಚೀನಾದ ಹಾಸು ಹೂಡಿಟ್ಟಿದೆ, ಅಡ್ಡಕ್ಕೆ ಹೊಡೆಯುವ ಹೊಕ್ಕಿಗೆ ನೂಲಿಲ್ಲ. ದೊಡ್ಡಮಾದಪ್ಪನವರು ಅದರ ಮುಂದೆ ಕೂತು, "ಬೆಣ್ಣೆಯಂತಾ ನೂಲು ಕಣವ್ವಾ, ಸುಳ್ಯಾಕೆ? ಆದ್ರೆ ಅದು ಬರೋಗಂಟ ನಾವು ಬೆಣ್ಣೆ ಬೆಣ್ಣೆ ಅನ್ಕಂಡೇ ಒಣಮುದ್ದೆ ನುಂಗ್ಬೇಕು" ಎಂದರು.

ನಿನ್ನೆ ನಾನು ಬಾಗಿಲ ಹಿಂದೆ ನಿಂತು ಮಾವನವರಿಗೆ, ಆ ಹಾಸಿನ ಮೇಲೆ ನಮ್ಮವ್ವನ ನೂಲು ಹೊಡೆದು ನೋಡಿ ಎಂದೆ. ಅಡ್ಡದ ಎಳೆಗೆ ಅಷ್ಟು ಎಳೆತವಿಲ್ಲ, ಕಡಿಯುವ ಭಯವಿಲ್ಲ ಎಂದೂ ಹೇಳಿದೆ. ಮಾವನವರು ನಕ್ಕರು: "ನಿಮ್ಮವ್ವನ ಮ್ಯಾಲಿನ ಪ್ರೀತಿನ ಲಾಳಿಗೆ ಸುತ್ತಕಾಯ್ತದಾ ಮಗಾ?" ನಾನು ಬಾಗಿಲು ಬಿಟ್ಟು ಮುಂದೆ ಬಂದೆ. ಪ್ರೀತಿ ಬೇಡ ಮಾವ, ನೂಲನ್ನೇ ಸುತ್ತಿ. ಸೀರೆ ಕೆಟ್ಟರೆ ನಾನೇ ಉಡುತ್ತೇನೆ ಎಂದೆ. ಕೊನೆಗೆ ಒಪ್ಪಿದರು: ಒಂದು ಸೀರೆ. ಅದು ಚೆನ್ನಾಗಿ ಬಂದರೆ ಹಾಸಿಗೆಲ್ಲ ಹೊರಗಿನ ನೂಲು, ಹೊಕ್ಕಿಗೆಲ್ಲ ಮಾಂಬಳ್ಳಿಯದು. ಕೆಟ್ಟರೆ ಈ ಮಾತು ಮತ್ತೆ ಎತ್ತುವಂತಿಲ್ಲ.

ಆದ್ದರಿಂದ ಕೋಪದಲ್ಲಿ ಗೂಡು ಬೇಯಿಸುವ ಒಲೆ ಆರಿಸಬೇಡ. ಒಳ್ಳೆಯ ಗೂಡಿನ ಜೊತೆ ಜಳ್ಳು ಗೂಡು ಬೆರೆಸಬೇಡ. ಅವಸರ ಬಿದ್ದಾಗ ನೀನು ಬೆರೆಸುತ್ತೀಯ, ನಾನು ನೋಡಿಲ್ಲವೇ? ಎಳೆ ಸಮ ಬರುವವರೆಗೆ ಬಿಚ್ಚು. ಸೋಮವಾರದ ಮೊದಲ ಬಸ್ಸಿಗೆ ಗಂಟು ಕಳಿಸು. ಬಸ್ ಸ್ಟ್ಯಾಂಡಿಗೆ ನಾನೇ ಬರುತ್ತೇನೆ. ನಾಗಯ್ಯ ಅದನ್ನು ಮುಟ್ಟುವುದಿಲ್ಲ.

ಎಂದೆಂದೂ ನಿನ್ನವಳೇ ಆದ,
ಮಾಲಕ್ಷ್ಮಿ

ತಾ.ಕ.: ಮರೆತಿದ್ದೆ ಎಂದು ಬರೆಯೋಣವೆಂದುಕೊಂಡೆ. ಮರೆತಿರಲಿಲ್ಲ. ಜೂನ್ ತಿಂಗಳ ಆ ಇಂಗ್ಲಿಷ್ ಕಾಗದ ಬರೆದವಳು ನಾನೇ. ಹೊಸ ಸೊಸೆಯ ಅಕ್ಷರ ನೋಡಿ ಎಂದು ಮಾವನವರು ಬಂದವರಿಗೆಲ್ಲ ತೋರಿಸಿದರು, ನಾನು ಉಬ್ಬಿಹೋದೆ. ಇನ್ನು ಮುಂದೆ ನಮಗೆ ಊರ ನೂಲು ಬೇಡ ಎಂಬ ಸಾಲೂ ಅದರಲ್ಲಿತ್ತು. ಊರ ನೂಲು ಎಂದರೆ ನೀನು ಎಂದು ಆಗ ಹೊಳೆಯಲೇ ಇಲ್ಲ. ಮೈಸೂರಿನ ಆ ಇಂಗ್ಲಿಷ್ ಶಾಲೆಯಲ್ಲಿ ನನ್ನನ್ನು ಓದಿಸಿದ್ದು ಆ ನೂಲೇ ಅವ್ವ. ಎಷ್ಟು ಬೇಕಾದರೂ ಬಯ್ಯಿ. ಬರೆದು ನೂಲಿನ ಗಂಟಿನೊಳಗೇ ಇಡು.