ಗುಂಡಿಯಿಲ್ಲದ ಫ್ರಾಕುಗಳು

ಭಾನುವಾರ, ಮಧ್ಯಾಹ್ನ

ಪ್ರೀತಿಯ ತಂಗಿಗೆ,

ಕರ್ತನ ಕೃಪೆಯಿಂದ ನಾವಿಬ್ಬರೂ ಆರೋಗ್ಯವಾಗಿದ್ದೇವೆ. ನೀನು, ನಿನ್ನ ಮನೆಯವರು, ಮಕ್ಕಳು ಎಲ್ಲರೂ ಹಾಗೆಯೇ ಇದ್ದೀರೆಂದು ನಂಬಿದ್ದೇನೆ.

ನೀನು ಕಳಿಸಿದ ಹಳದಿ ಫ್ರಾಕು ಬಂದು ಸೇರಿತು. ಬಟ್ಟೆ ಒಳ್ಳೆಯದು, ಹೊಲಿಗೆ ಸುಮಾರು. ಬೆನ್ನಿನ ಮೇಲೆ ಸಾಲಾಗಿದ್ದ ಆ ಮುತ್ತಿನಂಥ ಗುಂಡಿಗಳನ್ನೆಲ್ಲ ಕಿತ್ತುಹಾಕಿದ್ದೇನೆ. ಬೈಯಬೇಡ, ಕಾರಣ ಬರೆಯುತ್ತೇನೆ. ಫ್ರಾಕಿನ ಜೊತೆ ನೀನು ಇಟ್ಟಿದ್ದ ಚೀಟಿಯನ್ನೂ ಓದಿದೆ. ‘ನಮ್ಮ ಮನೆಯ ಹೊಸ ಮಗಳಿಗೆ, ಚಿಕ್ಕಮ್ಮನಿಂದ’ ಎಂದು ಬರೆದಿದ್ದೀ. ಅದಕ್ಕೇ ಈ ಕಾಗದ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಫೋನಿನಲ್ಲಿ ಯಾರಿಗೂ ಮಾತು ಮುಗಿಸಲು ಬಿಟ್ಟವಳಲ್ಲ. ಕಾಗದವಾದರೆ ಬಾಯಿ ಹಾಕದೆ ಕೊನೆತನಕ ಓದಲೇಬೇಕು.

ಆ ಮಗು, ನಮ್ಮ ಬುಗುರಿ, ಈಗ ನಮ್ಮ ಮನೆಯಲ್ಲಿಲ್ಲ. ಹೆತ್ತ ತಾಯಿಯ ಜೊತೆ ಹೋದಳು. ಯಾರೂ ಕಿತ್ತುಕೊಂಡು ಹೋಗಲಿಲ್ಲ, ನಾವೇ ಕಳಿಸಿಕೊಟ್ಟೆವು. ಮೊದಲಿನಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದು ಅರ್ಧ ಕತೆ, ಅದೂ ನನಗೆ ಬೇಕಾದ ಹಾಗೆ ನಾನು ಹೇಳಿದ ಅರ್ಧ.

ಮಗುವಿನ ತಾಯಿ ನಮ್ಮ ಸಭೆಗೆ ಬರುವ ಹುಡುಗಿ. ಆಸ್ಪತ್ರೆ, ಹೋಟೆಲುಗಳ ಚಾದರ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಿದ್ದಳು. ಅನಾಥಾಲಯದಲ್ಲಿ ಬೆಳೆದವಳು, ಹಿಂದಿಲ್ಲ ಮುಂದಿಲ್ಲ. ಗಂಡ ಮಗು ಹುಟ್ಟುವ ಮೊದಲೇ ಜ್ವರದಲ್ಲಿ ತೀರಿಕೊಂಡ. ಮಗುವಿಗೆ ಇನ್ನೂ ಕತ್ತು ನಿಂತಿರಲಿಲ್ಲ, ಆಗಲೇ ಇವಳು ಕೆಲಸಕ್ಕೆ ಮರಳಿದಳು. ಒಂದು ದಿನ ಚಾದರ ಇಸ್ತ್ರಿಯಾಗುವ ಬಿಸಿ ಉರುಳೆಗಳ ನಡುವೆ ಒಂದು ಕೈ ಸಿಕ್ಕಿತು. ಅದನ್ನು ಬಿಡಿಸಿಕೊಳ್ಳಲು ಹೋಗಿ ಇನ್ನೊಂದು ಕೈಯೂ ಬೆಂದಿತು.

ಆ ಭಾನುವಾರ ಆರಾಧನೆ ಮುಗಿದ ಮೇಲೆ ಪಾಸ್ಟರ್ ಯಾರನ್ನೂ ಎದ್ದು ಹೋಗಲು ಬಿಡಲಿಲ್ಲ. ನಮ್ಮ ಸಭೆ ಎಂಥದ್ದೆಂದು ನೀನು ನೋಡಿದ್ದೀಯಲ್ಲ, ಟಯರ್ ಅಂಗಡಿಯ ಮೇಲಿನ ಒಂದು ಹಾಲ್; ಹಾಡುವಾಗಲೂ ಮೂಗಿಗೆ ರಬ್ಬರ್ ವಾಸನೆ. ಪಾಸ್ಟರ್ ಹೇಳಿದ್ದು ಇಷ್ಟು: “ಪ್ರಾರ್ಥನೆ ಎಲ್ಲರೂ ಮಾಡ್ತೀವಿ, ಸರಿ. ಆದ್ರೆ ಆ ಹುಡುಗಿಗೆ ಈಗ ಬೇಕಾಗಿರೋದು ಕೈ. ಯಾರ ಕೈ ಖಾಲಿ ಇದೆ, ಹೇಳಿ.”

ಗಾಯ ತೊಳೆದು ಬಟ್ಟೆ ಕಟ್ಟುವುದು ತನಗಿರಲಿ ಎಂದರು ನಮ್ಮ ನರ್ಸಮ್ಮ. ಕನ್ನಡಕದ ಅಂಗಡಿಯ ಹಿರಿಯರು ಅವಳ ಕೋಣೆಯ ಬಾಡಿಗೆ ವಹಿಸಿಕೊಂಡರು. ಊಟ ಒಯ್ಯುವುದನ್ನು ಇಬ್ಬರು ಹಂಚಿಕೊಂಡರು. “ಮತ್ತೆ ಮಗು?” ಎಂದಾಗ ಮಾತ್ರ ಎಲ್ಲರೂ ಅವರವರ ಚಪ್ಪಲಿ ನೋಡಿಕೊಳ್ಳತೊಡಗಿದರು. ನನ್ನ ಕೈ ಮೇಲೆದ್ದಿತು. ಮೆಟ್ಟಿಲಿಳಿಯುವಾಗ ನಿನ್ನ ಭಾವ, “ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?” ಅಂದರು. “ಕೇಳಿದ್ರೆ ಬೇಡ ಅಂತಿದ್ರಾ?” ಅಂದೆ. “ಅದಿಲ್ಲ. ಆದ್ರೂ ಕೇಳ್ಬಹುದಿತ್ತು” ಅಂದರು. ಅಲ್ಲಿಗೆ ಮುಗಿಯಿತು.

ನಿದ್ದೆಯಲ್ಲಿ ಹಾಸಿಗೆ ತುಂಬ ತಿರುಗುತ್ತಿದ್ದಳೆಂದು ಮಗುವನ್ನು ಬುಗುರಿ ಎಂದು ಕರೆದವರೂ ನಿನ್ನ ಭಾವನೇ. ದಿನವಿಡೀ ಲಿಫ್ಟ್ ರಿಪೇರಿ ಮಾಡಿ ಗ್ರೀಸ್ ಬಳಿದುಕೊಂಡು ಬರುವ ಮನುಷ್ಯ, ಮೊಣಕೈತನಕ ಸೋಪು ಹಚ್ಚಿ ತೊಳೆಯದೆ ಅವಳನ್ನು ಮುಟ್ಟುತ್ತಿರಲಿಲ್ಲ. ಮನೆಯ ಮುಂಭಾಗದ ನನ್ನ ಹೊಲಿಗೆ ಅಂಗಡಿಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಅವಳಿಗೊಂದು ಜಾಗ ಮಾಡಿದೆ. ಅಲ್ಲೇ ತೆವಳಿದಳು, ಅಲ್ಲೇ ಮೇಜಿನ ಕಾಲು ಹಿಡಿದು ಎದ್ದು ನಿಂತಳು. ಗಿರಾಕಿಗಳು ಅಳತೆ ಕೊಡಲು ಬಂದು ಅವಳನ್ನು ಆಡಿಸಿ, ಅಳತೆ ಕೊಡುವುದನ್ನೇ ಮರೆತು ಹೋಗುತ್ತಿದ್ದರು. ಮೊದಲ ಸಲ ‘ಅಮ್ಮ’ ಅಂದದ್ದು ನನಗೆ. ತಿದ್ದಬಹುದಿತ್ತು, ತಿದ್ದಲಿಲ್ಲ.

ಲಾಂಡ್ರಿಯ ಹುಡುಗಿ ಆಸ್ಪತ್ರೆಯಿಂದ ಬಂದ ಮೇಲೆ ಪ್ರತಿ ಭಾನುವಾರ ಮಗುವನ್ನು ನೋಡುತ್ತಿದ್ದಳು. ಬಟ್ಟೆ ಸುತ್ತಿದ ಅವಳ ಕೈಗಳ ಆ ಎರಡು ಬಿಳಿ ಗಂಟುಗಳನ್ನು ಕಂಡರೆ ಮಗು ಚೀರಿ ನನ್ನ ಕುತ್ತಿಗೆಗೆ ಅಂಟಿಕೊಳ್ಳುತ್ತಿತ್ತು. ಕಟ್ಟು ಬಿಚ್ಚಿದ ಮೇಲೂ ಅಷ್ಟೇ. ಬೆರಳುಗಳು ಒಳಕ್ಕೆ ಬಾಗಿ, ಚರ್ಮ ಬಿಗಿದುಕೊಂಡು, ಅಂಗೈ ಪೂರ್ತಿ ತೆರೆಯುತ್ತಿರಲಿಲ್ಲ. ಅವಳು ಬೇಸರ ತೋರಿಸಿಕೊಳ್ಳುತ್ತಿರಲಿಲ್ಲ. ದೂರದಲ್ಲೇ ಕೂತು ಮಗುವನ್ನು ನೋಡಿ ಹೋಗುತ್ತಿದ್ದಳು.

ಒಂದು ಭಾನುವಾರ ಸಭೆಯ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿದಳು. “ಅಕ್ಕಾ, ಇವಳು ನಿಮ್ಮ ಹತ್ರಾನೇ ಇದ್ದುಬಿಡ್ಲಿ. ನಾನು ತುಂಬ ಪ್ರಾರ್ಥನೆ ಮಾಡ್ದೆ. ದೇವರ ಚಿತ್ತ ಇದೇ ಅನ್ಸುತ್ತೆ. ದತ್ತಿನ ಕಾಗದ ಯಾವಾಗ ತಂದ್ರೂ ಹೆಬ್ಬೆಟ್ಟು ಒತ್ತಿ ಕೊಡ್ತೀನಿ” ಅಂದಳು.

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ನಾನು ಅವಳನ್ನು ತಬ್ಬಿಕೊಂಡು ಅತ್ತೆ. ಮದುವೆಯಾದಾಗಿನಿಂದ ನಾನು ಬೇಡಿಕೊಂಡದ್ದು ಏನೆಂದು ಸಭೆಯಲ್ಲಿ ಎಲ್ಲರಿಗೂ ಗೊತ್ತು. ನರ್ಸಮ್ಮ ಅಲ್ಲೇ ನಿಂತು ಸ್ತೋತ್ರ ಹೇಳಿದರು. ಮನೆಗೆ ಬಂದವಳೇ ನಿನಗೆ ಫೋನ್ ಮಾಡಿ ಮಗು ನಮ್ಮದಾಯಿತು ಎಂದೆ. ನೀನು ಫ್ರಾಕು ಕೊಂಡದ್ದು ಆ ಮಾತಿನ ಮೇಲೆಯೇ.

ನಿನ್ನ ಭಾವ ಮಾತ್ರ ಕುಣಿಯಲಿಲ್ಲ. ಊಟಕ್ಕೆ ಕೂತಾಗ ಕೇಳಿದೆ, ಯಾಕೆ ಮುಖ ಹೀಗಿದೆ ಎಂದು.

“ಅವಳು ಕೊಡ್ತಾ ಇಲ್ಲ ಕಣೆ. ಕೈಲಾಗದೆ ಬಿಡ್ತಾ ಇದ್ದಾಳೆ. ಎರಡೂ ಒಂದೇ ಅಲ್ಲ.”

ನನಗೆ ಮೈಯೆಲ್ಲ ಉರಿಯಿತು. “ದೇವರು ಕೊಟ್ಟಿದ್ದನ್ನ ಬೇಡ ಅನ್ನೋಕೆ ನೀವ್ಯಾರು?” ಎಂದೆ.

“ದೇವರು ಕೊಟ್ಟನೋ, ಆ ಲಾಂಡ್ರಿ ಮಷೀನು ಕೊಡ್ತೋ, ಅದನ್ನ ಒಂಚೂರು ಯೋಚನೆ ಮಾಡು” ಎಂದು ತಟ್ಟೆ ತೊಳೆಯಲು ಎದ್ದು ಹೋದರು.

ಒಂದು ವಾರ ಅವರ ಜೊತೆ ಮಾತು ಬಿಟ್ಟೆ. ಪಾಸ್ಟರ್ ನನ್ನ ಪರ ನಿಲ್ಲುತ್ತಾರೆಂದು ಅವರ ಹತ್ತಿರ ಹೋದೆ. ಅವರು ಸಭೆಯ ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದರು. ಎಲ್ಲ ಕೇಳಿ, “ನನಗೂ ಗೊತ್ತಿಲ್ಲಮ್ಮ” ಅಂದರು. ಪಾಸ್ಟರ್ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. ಇನ್ನೊಂದು ಕುರ್ಚಿ ಎತ್ತಿಟ್ಟು, “ನಿನ್ನ ಚಿತ್ತ ಆಗ್ಲಿ ಅಂತ ಪ್ರಾರ್ಥನೆ ಮಾಡುವಾಗ ಉತ್ತರ ಏನು ಬರ್ಬೇಕು ಅಂತ ಮೊದ್ಲೇ ಇಟ್ಕೊಂಡಿರ್ತೀವಲ್ಲ, ಅದೇ ನಮ್ಮ ಕಷ್ಟ. ನಿಮ್ಮದಷ್ಟೇ ಅಲ್ಲ, ನನ್ನದೂ” ಅಂದರು. ಆಮೇಲೆ ನಾನೂ ಉಳಿದ ಕುರ್ಚಿ ಜೋಡಿಸಿಕೊಟ್ಟು ಬಂದೆ. ಪ್ರಯೋಜನವಿಲ್ಲದ ಭೇಟಿ ಎಂದುಕೊಂಡೆ.

ಆ ವಾರವೇ ಲಾಂಡ್ರಿಯ ಹುಡುಗಿ ಅಂಗಡಿಗೆ ಬಂದಳು. ಕಾಗದದ ಕೆಲಸ ಎಲ್ಲಿಗೆ ಬಂತೆಂದು ಕೇಳಲು. ನಾನು ಒಬ್ಬ ಗಿರಾಕಿಯ ಕೋಟಿನ ಅಳತೆ ತೆಗೆಯುತ್ತಿದ್ದೆ. ಮಗು ನೀರು ಚೆಲ್ಲಿಕೊಂಡು ಫ್ರಾಕೆಲ್ಲ ಒದ್ದೆ ಮಾಡಿಕೊಂಡಿತು. “ಬೇರೆ ಫ್ರಾಕು ಹಾಕಿಬಿಡು, ಅಲ್ಲೇ ಇದೆ” ಅಂದೆ, ತಲೆಯೆತ್ತದೆ. ಬೇರೆ ಯಾರಿಗಾದರೂ ಹೇಳುವ ಹಾಗೆ ಹೇಳಿಬಿಟ್ಟೆ.

ಗಿರಾಕಿ ಹೋದ ಮೇಲೆ ನೋಡಿದರೆ ಇನ್ನೂ ಮೊದಲ ಗುಂಡಿಯಲ್ಲೇ ಇದ್ದಳು. ಮಗುವನ್ನು ಮೊಣಕಾಲುಗಳ ನಡುವೆ ಹಿಡಿದುಕೊಂಡಿದ್ದಳು. ಬಾಗಿದ ಬೆರಳು ಗುಂಡಿಯ ಮೇಲೆ ಜಾರುತ್ತಿತ್ತು. ಒಮ್ಮೆ ಹಲ್ಲಿನಿಂದಲೂ ಪ್ರಯತ್ನಿಸಿದಳು. ಆಶ್ಚರ್ಯವೆಂದರೆ ಮಗು ಅಳುತ್ತಿರಲಿಲ್ಲ. ಕುತೂಹಲದಿಂದ ಆ ಬೆರಳುಗಳನ್ನೇ ನೋಡುತ್ತಾ ನಿಂತಿತ್ತು. ಹುಡುಗಿ ನನ್ನ ಕಡೆ ನೋಡಿ ನಕ್ಕಳು. “ಒಂದು ಗುಂಡಿ ಹಾಕಕ್ಕಾಗಲ್ಲ. ನಾನೆಂಥ ತಾಯಿ ಅಕ್ಕಾ.”

ತಂಗೀ, ನಾನು ಏನೂ ದೊಡ್ಡದು ಯೋಚಿಸಲಿಲ್ಲ. ನನ್ನ ಕಸುಬಿನ ಮಾತೇ ಬಾಯಿಗೆ ಬಂತು. “ಗುಂಡಿ ಹಾಕಕ್ಕಾಗದಿದ್ರೆ ತಪ್ಪು ಬಟ್ಟೇದು ಕಣಮ್ಮ, ಕೈಯದಲ್ಲ.” ಹೇಳಿದ್ದು ಅಷ್ಟೇ. ಹೇಳಿದ ಮೇಲೆ ಅದನ್ನು ವಾಪಸು ತೆಗೆದುಕೊಳ್ಳಲು ಆಗಲಿಲ್ಲ.

ಅವಳು ಹೋದ ಮೇಲೆ ಬುಗುರಿಯ ಬಟ್ಟೆಗಳನ್ನೆಲ್ಲ ಮೇಜಿನ ಮೇಲೆ ಸುರಿದುಕೊಂಡು ಗುಂಡಿ ಕೀಳುತ್ತಾ ಕೂತೆ. ಕತ್ತು ಅಗಲ ಮಾಡಿದೆ, ಎಲಾಸ್ಟಿಕ್ ಹಾಕಿದೆ, ಕೆಲವಕ್ಕೆ ಒತ್ತಿದರೆ ಅಂಟುವ ಪಟ್ಟಿ ಹೊಲಿದೆ. ಚಡ್ಡಿಗಳಿಗೆ ಎರಡೂ ಪಕ್ಕ ದೊಡ್ಡ ಕುಣಿಕೆ ಇಟ್ಟೆ, ಮುಷ್ಟಿ ತೂರಿಸಿ ಎಳೆದರೆ ಸಾಕು, ಮೇಲೆ ಬರುತ್ತದೆ. ದೇವರ ಸ್ವರ ಕೇಳಿಸಿತೇ ಎಂದು ನೀನು ಕೇಳಬಹುದು. ಇಲ್ಲ. ಹೊಲಿಗೆ ಮಷೀನಿನ ಸದ್ದಷ್ಟೇ. ಮೊದಲ ಫ್ರಾಕಿನ ಗುಂಡಿ ಕೀಳುವಾಗ, ಒಂದೆರಡನ್ನು ಸುಲಭ ಮಾಡಿಕೊಟ್ಟರೆ ಸಾಕು, ಭಾನುವಾರ ಬಂದಾಗ ಹಾಕಲಿ ಎಂದುಕೊಂಡಿದ್ದೆ. ಅರ್ಧ ರಾಶಿ ಮುಗಿಯುವಷ್ಟರಲ್ಲಿ ನಾನು ಏನು ಮಾಡುತ್ತಿದ್ದೇನೆಂದು ನನಗೇ ತಿಳಿದುಹೋಗಿತ್ತು. ನಿಲ್ಲಿಸಬಹುದಿತ್ತು. ಉಳಿದರ್ಧವನ್ನೂ ಮುಗಿಸಿದೆ.

ನಿನ್ನ ಭಾವ ಕೆಲಸದಿಂದ ಬಂದು ನೋಡಿದರು. ಕೈ ತೊಳೆದುಕೊಂಡು ಬಂದು ಕೆಳಗೆ ಬಿದ್ದ ದಾರದ ಚೂರುಗಳನ್ನು ಆಯ್ದರು.

ಮಾರನೆಯ ದಿನ ಇಬ್ಬರೂ ಹೋಗಿ ಇಲ್ಲೇ ಇದ್ದು ಮಗುವನ್ನು ನೋಡಿಕೊಳ್ಳಲಿ ಎಂದು ಹುಡುಗಿಯನ್ನು ನಮ್ಮ ಮನೆಗೇ ಕರೆತಂದೆವು. ಅವಳು ಬಾಗಿಲಲ್ಲೇ ನಿಂತು ಜಗಳವಾಡಿದಳು. “ಕೊಟ್ಟಿದ್ದು ಕೊಟ್ಟೆ ಅಕ್ಕಾ, ಮತ್ತೆ ನನ್ನ ಆಸೆ ಕೆದಕಬೇಡಿ” ಅಂದಳು. “ಕೊಡೋದಾದ್ರೆ ಕೈ ತುಂಬ ಹಿಡಿದಮೇಲೆ ಕೊಡು. ಹಿಡಿಯದೇ ಇರೋದನ್ನ ಹೇಗೆ ಕೊಡ್ತೀಯ?” ಎಂದರು ನಿನ್ನ ಭಾವ. ಅವರು ಅಷ್ಟುದ್ದ ಮಾತಾಡಿದ್ದು ನಮ್ಮ ಮದುವೆ ಮಾತುಕತೆಯಲ್ಲೂ ಇಲ್ಲ.

ಆಮೇಲಿನ ದಿನಗಳು ಸುಲಭವಾಗಿರಲಿಲ್ಲ. ಮಗುವಿಗೆ ಊಟ ಮಾಡಿಸುವುದು, ಬಟ್ಟೆ ಹಾಕುವುದು, ಮಲಗಿಸುವುದು ಒಂದೊಂದಾಗಿ ಅವಳಿಗೆ ಬಿಟ್ಟೆ. ಮಗು ಬಿಡುತ್ತದೆಯೇ? ‘ಅಮ್ಮಾ’ ಎಂದು ಕಿರುಚುತ್ತಾ ಅಂಗಡಿಯ ಬಾಗಿಲು ಬಡಿಯುತ್ತಿತ್ತು. ನಾನು ಒಳಗಿನಿಂದ ಅಗುಳಿ ಹಾಕಿಕೊಂಡು ಮಷೀನು ಓಡಿಸುತ್ತಿದ್ದೆ. ಸೂಜಿಯ ಕೆಳಗೆ ಬಟ್ಟೆಯೇ ಇರುತ್ತಿರಲಿಲ್ಲ. ಬರೀ ಸದ್ದಿಗಾಗಿ ತುಳಿಯುತ್ತಿದ್ದೆ. ಹುಡುಗಿಯೂ ಗೋಡೆಯಾಚೆ ಅಳುತ್ತಿದ್ದಳು. ಮನೆಯಲ್ಲಿ ಮೂರು ಜನ ಹೆಣ್ಣುಗಳ ಅಳು, ಒಂದು ಮಷೀನಿನ ಸದ್ದು. ಅಕ್ಕಪಕ್ಕದವರು ಏನೆಂದುಕೊಂಡರೋ. ‘ಕರ್ತನೇ, ನಿನ್ನ ಚಿತ್ತ’ ಎಂದು ಹೇಳುವುದನ್ನು ಆಗ ನಿಲ್ಲಿಸಿದ್ದೆ. ‘ಇವತ್ತು ಬಾಗಿಲು ತೆಗೆಯದ ಹಾಗೆ ನೋಡಿಕೋ’ ಎನ್ನುತ್ತಿದ್ದೆ. ಒಂದು ದಿನ ಬಾಗಿಲು ಬಡಿಯುವ ಸದ್ದು ಬರಲಿಲ್ಲ. ಮಷೀನು ನಿಲ್ಲಿಸಿ ಕಿವಿಗೊಟ್ಟೆ. ಗೋಡೆಯಾಚೆ ಇಬ್ಬರೂ ಯಾವುದಕ್ಕೋ ನಗುತ್ತಿದ್ದರು.

ಸಭೆಯವರು ಈ ಸಲವೂ ಕೈಬಿಡಲಿಲ್ಲ. ಕನ್ನಡಕದ ಅಂಗಡಿಯ ಹಿರಿಯರು ಅವಳನ್ನು ಅಂಗಡಿಯಲ್ಲಿ ಗಿರಾಕಿಗಳ ಜೊತೆ ಮಾತಾಡುವ ಕೆಲಸಕ್ಕೆ ಕೂರಿಸಿಕೊಂಡರು. “ಇಲ್ಲಿ ಬೇಕಾಗಿರೋದು ಬಾಯಿ, ಅದು ನಿನಗೆ ಚೆನ್ನಾಗೇ ಇದೆ” ಅಂದರಂತೆ. ಅಂಗಡಿಯ ಹಿಂದಿನ ಕೋಣೆಯನ್ನೂ ಕೊಟ್ಟರು. ಮೊದಮೊದಲು ನರ್ಸಮ್ಮ ನನ್ನ ಮೇಲೆ ಸಿಟ್ಟಾಗಿದ್ದರು, ದೇವರು ಕೊಟ್ಟ ಉತ್ತರವನ್ನು ನಾನೇ ಹಿಂದಿರುಗಿಸಿದೆನೆಂದು. ಈಗ ಅವರೇ ದಿನಾ ಹೋಗಿ ಹುಡುಗಿಯ ಬೆರಳುಗಳಿಗೆ ಎಣ್ಣೆ ತಿಕ್ಕಿ ಬಿಡಿಸುತ್ತಾರೆ.

ಕಳೆದ ಗುರುವಾರ ಅವರಿಬ್ಬರೂ ಹೋದರು. ಬುಗುರಿ ನಿನ್ನ ಹಳದಿ ಫ್ರಾಕು ಹಾಕಿಕೊಂಡೇ ಹೋದಳು. ಹಾಕಿದವಳು ಅವಳ ತಾಯಿ.

ಇವತ್ತು ಬುಗುರಿ ಸಭೆಯಲ್ಲಿ ಕಂಡಳು. ಕಾಣಿಕೆಯ ಹಾಡು ನಡೆಯುತ್ತಿದ್ದಾಗ ಕುರ್ಚಿಗಳ ನಡುವೆ ಓಡಿ ಬಿದ್ದಳು. ‘ಅಮ್ಮಾ’ ಎಂದು ಕೂಗಿದಳು. ಹಾಲ್‌ನ ಎರಡು ಕಡೆಯಿಂದ ಇಬ್ಬರು ಎದ್ದು ನಿಂತೆವು. ಬುಗುರಿ ನಮ್ಮಿಬ್ಬರನ್ನೂ ನೋಡಿದಳು. ನೋಡಿ ಹೆತ್ತವಳ ಕಡೆ ಓಡಿದಳು. ನಿನ್ನ ಭಾವ ಪಕ್ಕಕ್ಕೆ ಸರಿದು ನನಗೆ ಕೂರಲು ಜಾಗ ಮಾಡಿದರು. ಜಾಗ ಬೇಕಾದಷ್ಟಿತ್ತು, ಆದರೂ ಸರಿದರು. ನಾನು ಕೂತು ಹಾಡಿನ ಉಳಿದ ಚರಣ ಹಾಡಿದೆ.

ಇಷ್ಟೇ ವಿಷಯ. ನನ್ನ ಬಗ್ಗೆ ಚಿಂತೆ ಬೇಡ. ಕೈ ತುಂಬ ಕೆಲಸವಿದೆ, ಶಾಲೆಯ ಯೂನಿಫಾರ್ಮು ಹೊಲಿಯುವ ಕಾಲ. ಊಟ, ನಿದ್ದೆ ಎಲ್ಲ ಸರಿಯಾಗಿದೆ. ಮಕ್ಕಳಿಗೆ ನನ್ನ ಮುತ್ತು, ನಿನ್ನ ಮನೆಯವರಿಗೆ ನಮ್ಮಿಬ್ಬರ ವಂದನೆ. ಕರ್ತನು ನಿಮ್ಮನ್ನು ಕಾಯಲಿ.

ನಿನ್ನ ಅಕ್ಕ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ನಿದ್ದೆ ಸರಿಯಾಗಿದೆ ಎಂದು ಬರೆದದ್ದು ಸುಳ್ಳು. ನಿನ್ನಿಂದ ನಾನು ಯಾವತ್ತೂ ಏನೂ ಕೇಳಿದವಳಲ್ಲ, ಅಕ್ಕನಾದವಳು ಕೇಳಬಾರದೆಂದು. ಈಗ ಕೇಳುತ್ತಿದ್ದೇನೆ. ರಜೆ ಬರಲಿ, ಮಕ್ಕಳ ಪರೀಕ್ಷೆ ಮುಗಿಯಲಿ ಎನ್ನಬೇಡ. ಈ ಕಾಗದ ಕೈಸೇರಿದ ದಿನವೇ ಹೊರಟು ಬಾ.