ಮೊದಲ ಶುಕ್ರವಾರದ ಕೆಮ್ಮು

ವರ್ಕಾಡಿ
17 ಜುಲೈ 2015

ಪ್ರೀತಿಯ ಆನ್ಸಿಲ್ಲಕ್ಕನಿಗೆ ಜೋಯ್ಸ್ ಮಾಡುವ ನಮಸ್ಕಾರ.

ಮನೆಯ ಮೆಟ್ಟಿಲು ಇಳಿಯದ ನಿಮ್ಮ ಅಮ್ಮನಿಗೆ, ನಮ್ಮ ಮಾಂಯ್‌ಗೆ ಆ ಜ್ವರ ಎಲ್ಲಿಂದ ಬಂತು ಅಂತ ಮೊನ್ನೆ ಫೋನಿನಲ್ಲಿ ಅಳುತ್ತಾ ಕೇಳಿದಿರಿ. ಗೊತ್ತಿಲ್ಲ ಅಂದೆ. ನಿಮ್ಮ ತಮ್ಮ ಪಕ್ಕದಲ್ಲೇ ಕೂತಿದ್ದರು, ಮತ್ತೆಂತ ಹೇಳಲಿ? ನೆರೆಮನೆಯ ಆನ್ಸನ್ ಆದಿತ್ಯವಾರ ಕುವೈಟಿಗೆ ಹೊರಟಿದ್ದಾನೆ. ಅವನ ಕೈಯಲ್ಲಿ ಇದನ್ನು ಕೊಡುತ್ತೇನೆ. ಓದಿ ಹರಿದುಬಿಡಿ.

ಈಸ್ಟರ್ ರಜೆಗೆ ಬಂದಾಗ ನೀವು ನಮ್ಮ ಮೂವರಿಗೂ ಹೇಳಿದ್ದಿರಿ. ಮಾಂಯ್‌ಗೆ ವಯಸ್ಸಾಗಿದೆ, ದಮ್ಮು ಬೇರೆ. ನಾನು ಬಸುರಿ. ನಿಮ್ಮ ತಮ್ಮ ಪ್ರತಿ ತಿಂಗಳ ಮೊದಲ ಶುಕ್ರವಾರ ಹಾಸಿಗೆ ಹಿಡಿದವರ ಮನೆಗೆ ಚರ್ಚಿನಿಂದ ಪರಮಪ್ರಸಾದ ಒಯ್ಯುವವರು. ಮೂವರೂ ಮಂಗಳೂರಿಗೆ ಹೋಗಿ ಫ್ಲೂ ಇಂಜೆಕ್ಷನ್ ತೆಗೆದುಕೊಳ್ಳಿ ಅಂದಿರಿ. ನಿಮ್ಮ ತಮ್ಮ ನಕ್ಕುಬಿಟ್ಟರು. ಕಲ್ಲಿನ ಹಾಗಿರುವ ತನಗೆ ಎಂತಕ್ಕೆ ಅಂತ ಕೇಳಿದರು. ಮಗ ತೆಗೆದುಕೊಂಡರೆ ತಾನೂ ಅಂದರು ಮಾಂಯ್. ಬಸುರಿಗೆ ಸೂಜಿ ಬೇಡ ಅಂತ ನನ್ನ ತವರಿನವರು ಹೆದರಿಸಿದರು. ಅಲ್ಲಿಗೆ ಮುಗಿಯಿತು.

ಈ ತಿಂಗಳ ಮೊದಲ ಶುಕ್ರವಾರ ನಿಮ್ಮ ತಮ್ಮನಿಗೆ ಮೈಬಿಸಿ, ಮೂಗು ಸೋರುತ್ತಿತ್ತು. ಇವತ್ತು ಬೇಡ, ಪಾದ್ರಿಗಳಿಗೆ ಹೇಳಿ ಅಂದೆ. ಕೇಳಿದರಾ? ಮುದುಕರು ಬೆಳಿಗ್ಗೆಯಿಂದ ಬಾಯಿಗೆ ನೀರೂ ಹಾಕದೆ, ಮೇಜಿಗೆ ಬಿಳಿ ಬಟ್ಟೆ ಹಾಸಿ, ಮೊಂಬತ್ತಿ ಹಚ್ಚಿ ಕಾಯುತ್ತಾರೆ, ಅವರ ಉಪವಾಸ ವ್ಯರ್ಥವಾಗಬೇಕಾ ಅಂತ ನನಗೇ ಗದರಿದರು. ಗುಡ್ಡದಾಚೆಯ ಸೆರಾಫಿನ್ ಬಾಯಿಯ ಮನೆಗೆ ಮೊದಲು ಹೋದರು. ಕೊನೆಗೆ ನಮ್ಮ ಮನೆ. ಮೂಗು ಒರೆಸಿದ ಕೈಯಲ್ಲೇ, ಕ್ರಿಸ್ತನ ಶರೀರ ಅನ್ನುತ್ತಾ, ಮಾಂಯ್‌ನ ನಾಲಿಗೆಯ ಮೇಲೆ ಪ್ರಸಾದ ಇಟ್ಟರು. ಪ್ರಾರ್ಥನೆಯ ಮಧ್ಯೆ ಕೆಮ್ಮಿದರು. ಮಾಂಯ್ ಕಣ್ಣು ಮುಚ್ಚಿ ಆಮೆನ್ ಅಂದರು.

ಸೋಮವಾರ ಮಾಂಯ್‌ಗೆ ಜ್ವರ. ಅದೇ ವಾರ ಸೆರಾಫಿನ್ ಬಾಯಿ ತೀರಿಕೊಂಡರು. ಮಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿ, ಇದು ಫ್ಲೂ, ಮನೆಯಲ್ಲಿ ಮೊದಲು ಯಾರಿಗೆ ಶೀತ ಇತ್ತು ಅಂತ ಕೇಳಿದರು. ನಿಮ್ಮ ತಮ್ಮ ತನ್ನ ಕೈಯನ್ನೇ ನೋಡುತ್ತಾ ಕೂತರು. ಅಲ್ಲಿಂದ ಮಾಂಯ್ ಜೀವಂತ ಹಿಂದೆ ಬರಲಿಲ್ಲ.

ಪ್ರಸಾದದ ಡಬ್ಬಿಯನ್ನು ಪಾದ್ರಿಗಳಿಗೆ ಹಿಂದೆ ಕೊಟ್ಟು ಬಂದಿದ್ದಾರೆ. ಊಟ ಮುಟ್ಟುವುದಿಲ್ಲ. ಬಾವಿಕಟ್ಟೆಯಲ್ಲಿ ಕೂತು ಚರ್ಮ ಸುಲಿಯುವವರೆಗೆ ಸೋಪು ಹಾಕಿ ಕೈ ತೊಳೆಯುತ್ತಾರೆ. ಎದ್ದು ಬನ್ನಿ ಅಂದರೆ ಒಂದೇ ಮಾತು: "ಜೋಯ್ಸ್, ದೇವರನ್ನು ಕೊಡ್ಲಿಕ್ಕೆ ಹೋಗಿ ನಾನು ಎಂತ ಕೊಟ್ಟು ಬಂದೆ?" ಅವರನ್ನು ಬಾವಿಯ ಹತ್ತಿರ ಒಬ್ಬರೇ ಬಿಡಲು ನನಗೆ ಧೈರ್ಯವಿಲ್ಲ ಅಕ್ಕಾ. ಬಟ್ಟೆ ಒಗೆಯುವ ನೆಪ ಮಾಡಿ ಅಲ್ಲೇ ನಿಂತಿರುತ್ತೇನೆ.

ನನಗೂ ಸಿಟ್ಟು ಉಂಟು. ಅವರ ಮೇಲೆ, ನನ್ನ ಮೇಲೆ, ನಿಮ್ಮ ಮೇಲೂ. ಅಷ್ಟು ಗೊತ್ತಿದ್ದವರು ನಮ್ಮನ್ನು ಎಳೆದುಕೊಂಡು ಹೋಗಬಾರದಿತ್ತಾ? ಕೋಪ ಮಾಡಬೇಡಿ. ಹೊಟ್ಟೆ ಉರಿಯುವಾಗ ಬಾಯಿಗೆ ಬೀಗ ಇರುವುದಿಲ್ಲ.

ಮಾಂಯ್‌ನ ಏಳನೇ ದಿನದ ಪೂಜೆಗೆ ನೀವು ಫೋನ್ ಮಾಡುತ್ತೀರಲ್ಲ, ಆಗ ನಿಮ್ಮ ತಮ್ಮ ಕೇಳುತ್ತಾರೆ, ತನ್ನಿಂದಲೇ ಬಂತಾ ಅಂತ. ಅಲ್ಲ ಅಂದುಬಿಡಿ. ಮಳೆಗಾಲ, ಊರಿಗೇ ಜ್ವರ, ಯಾರಿಂದಲೂ ಬಂದಿರಬಹುದು ಅನ್ನಿ. ನಾನು ಹೇಳಿ ಸೋತೆ. ನೀವು ನರ್ಸ್, ನಿಮ್ಮ ಮಾತನ್ನು ನಂಬುತ್ತಾರೆ. ಸುಳ್ಳು ಹೇಳಿದ ಪಾಪ ನನ್ನ ತಲೆಗಿರಲಿ. ಮಾಂಯ್ ಅಂತೂ ಹೋದರು. ಇವರನ್ನಾದರೂ ಉಳಿಸಿಕೊಡಿ.

ನಿಮ್ಮ ನತದೃಷ್ಟ ನಾದಿನಿ,
ಜೋಯ್ಸ್

ಮರೆತ ಮಾತು: ಮಾಂಯ್‌ಗೆ ಮಣ್ಣು ಕೊಟ್ಟು ಬಂದ ಸಂಜೆಯಿಂದ ನನಗೂ ಜ್ವರ. ಕೆಮ್ಮು ಬಂದರೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಕೆಮ್ಮುತ್ತೇನೆ. ಇವರಿಗೆ ಕೇಳಿಸಬಾರದಲ್ಲ. ಆಸ್ಪತ್ರೆಗೆ ಹೋದರೆ ಗೊತ್ತಾಗುತ್ತದೆ ಅಂತ ಹೋಗಿಲ್ಲ. ಏಳು ತಿಂಗಳ ಈ ಮಗು ನಿನ್ನೆಯಿಂದ ಮೊದಲಿನ ಹಾಗೆ ಒದೆಯುತ್ತಿಲ್ಲ. ಏನಾದರೂ ಆಗಿ ಇವರು ನಿಮ್ಮನ್ನು ಕೇಳಿದರೆ, ಇದೂ ನಿನ್ನಿಂದ ಬಂದದ್ದಲ್ಲ ಅಂತ ಹೇಳಿ.